ನಿಂಬೆಹಣ್ಣು ಹಿಂಡಿದ ಮರಳು

ಅಪ್ಪನ ಇನ್ನೊಂದು ಕಣ್ಣೂ ಹೋಗುವುದರೊಳಗೆ ಅವನಿಗೆ ಸಮುದ್ರದ ಮೀನು ತೋರಿಸಿಯೇ ತೀರಬೇಕೆಂದು ನಾನು ಹಟ ಹಿಡಿದಾಗ ನಾವಿಬ್ಬರೂ ಬಿಟಿಎಂ ಲೇಔಟಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಅಪ್ಪ ಗೋಕರ್ಣದ ಕಡೆಯವನು, ಮೀಸೆ ಮೂಡುವ ಮೊದಲೇ ಉಪ್ಪಿನ ಆಗರಕ್ಕೆ ಇಳಿದವನು. ಅಮ್ಮ ಹೋದ ಮೇಲೆ ಅವನನ್ನು ನಾನೇ ಕರೆದುಕೊಂಡು ಬಂದಿದ್ದೆ. ಒಂದು ಕಣ್ಣು ಊರಲ್ಲಿದ್ದಾಗಲೇ ಹೋಗಿತ್ತು. ಉಳಿದದ್ದಕ್ಕೆ ಜಯನಗರದಲ್ಲಿ ಆಪರೇಷನ್ ಮಾಡಿಸಿದ್ದೆವು. ಡಾಕ್ಟರು ನನ್ನನ್ನು ಬಾಗಿಲಾಚೆ ಕರೆದು, "ಉಳಿದಿರೋ ದೃಷ್ಟಿ ಎಷ್ಟು ದಿನ ಇರುತ್ತೆ ಅಂತ ಹೇಳೋಕಾಗಲ್ಲಮ್ಮ. ಸದ್ಯಕ್ಕಂತೂ ಬಸ್ಸು, ಘಾಟಿ, ಕುಲುಕಾಟ ಏನೂ ಬೇಡ" ಎಂದರು.

ಆಸ್ಪತ್ರೆಯಿಂದ ಬಂದ ದಿನ ಅಪ್ಪ ಕೇಳಿದ್ದು ಒಂದೇ. "ಉಪ್ಪು ನೀರಲ್ಲಿ ಮೀನು ಹೊರಳೋದು ನೋಡದೆ ಎಷ್ಟು ದಿನ ಆಯ್ತು ತಂಗಿ." ನಮ್ಮ ಕಡೆ ಮಗಳನ್ನೂ ತಂಗಿ ಎಂದೇ ಕರೆಯುವುದು. ಮಾರನೇ ದಿನವೇ ನಾನು ಗಾಜಿನ ಬೋಗುಣಿಯಲ್ಲಿ ಎರಡು ಗೋಲ್ಡ್ ಫಿಶ್ ತಂದಿಟ್ಟೆ. ಅಪ್ಪ ಬೋಗುಣಿಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡು, "ಸಪ್ಪೆ" ಎಂದು ಮುಖ ತಿರುಗಿಸಿದ. ಮನುಷ್ಯನ ಸೊಕ್ಕು ನೋಡಿ ನನಗೆ ಸಿಟ್ಟು ಬಂತು, ನಗುವೂ ಬಂತು. ಬೋಗುಣಿಯನ್ನು ಕೆಳಗಿನ ಮನೆಯ ಓನರ್ ಆಂಟಿಗೆ ಕೊಟ್ಟುಬಿಟ್ಟೆ.

ಜೆ.ಪಿ. ನಗರದ ಮೀನಿನ ಅಂಗಡಿಯವರು ತೊಟ್ಟಿ, ಪಂಪು, ಸಮುದ್ರದ ಉಪ್ಪಿನ ಪುಡಿ ಎಲ್ಲ ಲೆಕ್ಕ ಹಾಕಿಕೊಟ್ಟರು. ಅಲ್ಲಿಯವರೆಗೆ ತಲೆಯಾಡಿಸಿದವಳು ಮರಳಿನ ಬೆಲೆ ಕೇಳಿ ಬೆಚ್ಚಿಬಿದ್ದೆ. ವಿದೇಶದಿಂದ ಬಂದ ಪ್ಯಾಕೆಟ್ಟಂತೆ. ನಮ್ಮ ತೊಟ್ಟಿಗೆ ಬೇಕಾಗುವಷ್ಟು ಕೊಂಡರೆ ಒಂದು ತಿಂಗಳ ಬಾಡಿಗೆಯೇ ಹೋಗುತ್ತಿತ್ತು.

"ಮರಳಿಗಾ ಸಾರ್ ಇಷ್ಟು?"

"ಮಾಮೂಲಿ ಮರಳಲ್ಲ ಮೇಡಂ. ಹವಳ, ಚಿಪ್ಪು ಪುಡಿಯಾಗಿ ಆಗಿರೋದು. ನೀರು ಹುಳಿಯಾಗದಂಗೆ ಕಾಪಾಡುತ್ತೆ. ಹುಳಿ ಹಿಂಡಿದ್ರೆ ಬುಸ್ ಅಂತ ನೊರೆ ಬರಬೇಕು, ಅಂಥದ್ದು ಎಲ್ಲಾದ್ರೂ ಕಮ್ಮಿಗೆ ಸಿಕ್ರೆ ತಗೊಳ್ಳಿ."

ಮನೆಗೆ ಬಂದು ಹೇಳಿದರೆ ಅಪ್ಪ ನಕ್ಕ. "ಇಷ್ಟೇನಾ? ನಮ್ಮ ದಂಡೆ ಮರಳು ತರಿಸು. ಅರ್ಧಕ್ಕರ್ಧ ಚಿಪ್ಪೇ."

"ಬೆಂಗಳೂರಲ್ಲಿ ಸಿಗದ್ದು ಏನಿದೆ ಅಪ್ಪ? ಒಂದು ಮೂಟೆ ಮರಳಿಗೆ ಊರವರ ಮುಂದೆ ಕೈಯೊಡ್ಡಲಾ?" ಎಂದೆ. ಮದುವೆಯಾಗದ ಹುಡುಗಿ ಅಪ್ಪನನ್ನು ಕರೆದೊಯ್ದು ಏನು ಸಾಕುತ್ತಾಳೆ ಎಂದು ಚಿಕ್ಕಪ್ಪನ ಮನೆಯಲ್ಲಿ ಆಡಿಕೊಂಡದ್ದು ನನ್ನ ಕಿವಿಗೆ ಬಿದ್ದಿತ್ತು. ಅವರ ಹಂಗು ನನಗೆ ಬೇಕಿರಲಿಲ್ಲ. ಅಪ್ಪ ಮತ್ತೆ ಆ ಮಾತೆತ್ತಲಿಲ್ಲ.

ಓನರ್ ಆಂಟಿಯ ಮನೆಯವರು ಲೇಔಟ್ ಆಗುವ ಮೊದಲಿನಿಂದಲೂ ಅಲ್ಲೇ ಇದ್ದವರು. ನಮ್ಮ ಮನೆ ನಿಂತ ಜಾಗದಲ್ಲೇ ಅವರ ರಾಗಿ ಹೊಲ ಇತ್ತಂತೆ. ಈಗ ಮೂರನೇ ಮಹಡಿ ಏಳಿಸುತ್ತಿದ್ದರು, ಗೇಟಿನ ಮುಂದೆ ಮರಳಿನ ಗುಡ್ಡೆ ಬಿದ್ದಿತ್ತು. "ಎಷ್ಟು ಬೇಕೋ ತಗೋಳಮ್ಮ, ಮೀನಿಗೆ ತಾನೇ" ಎಂದರು. ಅಪ್ಪ ಸಾಸರಿನಲ್ಲಿ ಚಿಟಿಕೆ ಮರಳು ಹಾಕಿಸಿ, ಅದರ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ, ಸಾಸರನ್ನು ಕಿವಿಯ ಹತ್ತಿರ ಹಿಡಿದ.

"ಮಾತೇ ಆಡ್ತಿಲ್ಲ. ಇದು ಹೊಳೆ ಮರಳು."

"ನೊರೆ ನೋಡೋದು ಬಿಟ್ಟು ಕೇಳ್ತೀಯಲ್ಲ ಅಪ್ಪ!" ಎಂದು ಗೇಲಿ ಮಾಡಿದೆ. ಅವನೂ ನಕ್ಕ. ಮುದುಕನ ಹೊಸ ಆಟ ಎಂದುಕೊಂಡೆ, ಅಷ್ಟೇ. ಅದೊಂದು ಸಾಸರು ನನಗೆ ಆವತ್ತೇ ಎಲ್ಲವನ್ನೂ ಹೇಳಬಹುದಿತ್ತು.

ಕತ್ರಿಗುಪ್ಪೆಯಿಂದ ಕಲ್ಲಿನ ಪುಡಿ ತಂದೆ, ಅದೂ ಮಾತಾಡಲಿಲ್ಲ. ಕೋಳಿಗಳಿಗೆ ಹಾಕುವ ಚಿಪ್ಪಿನ ಪುಡಿ ತಂದೆ. ಅದು ಚೆನ್ನಾಗಿಯೇ ಬುಸುಗುಟ್ಟಿತು, ಆದರೆ ಅದರ ನಾತಕ್ಕೆ ಕೆಳಗಿನ ಮನೆಯ ಕಿಟಕಿಗಳೆಲ್ಲ ಮುಚ್ಚಿಕೊಂಡವು. ಕೊನೆಗೆ ಒಂದು ಭಾನುವಾರ ಯಡಿಯೂರಿನಲ್ಲಿ ತಳ್ಳುಗಾಡಿಯ ಮೇಲೆ ರಂಗೋಲಿ ಪುಡಿಯ ಗುಡ್ಡೆ ಕಣ್ಣಿಗೆ ಬಿತ್ತು. ಸಣ್ಣ ರವೆಯಷ್ಟು ದಪ್ಪ, ಹಾಲಿನಷ್ಟು ಬಿಳಿ. ಸೇರಿನಲ್ಲಿ ಅಳೆದು ಹಾಕುತ್ತಿದ್ದರು. ದಿನಾ ಬಾಗಿಲಿಗೆ ಹಾಕುವ ಪುಡಿಯನ್ನು ಇಷ್ಟು ದಿನ ಬಿಟ್ಟು ಊರೆಲ್ಲ ಅಲೆದೆನಲ್ಲ ಎನಿಸಿತು. ಒಂದು ಚೀಲ ತುಂಬಿಸಿಕೊಂಡು ಆಟೋ ಹತ್ತಿದೆ.

ನಿಂಬೆರಸ ಬಿದ್ದದ್ದೇ ತಡ ರಂಗೋಲಿ ಚುರ್ ಎಂದಿತು. ಅಪ್ಪ ಸಾಸರನ್ನು ಕಿವಿಯಿಂದ ತೆಗೆಯದೆ, "ಮಾತೇನೋ ಆಡ್ತದೆ. ಆದ್ರೆ ಬಹಳ ನಯ ಇದೆ ತಂಗಿ" ಎಂದ. ಓನರ್ ಆಂಟಿ ಮೆಟ್ಟಿಲ ಮೇಲೆ ಸಿಕ್ಕವರು ಗಲ್ಲಕ್ಕೆ ಕೈಹಚ್ಚಿ, "ರಂಗೋಲಿ ನೆಲಕ್ಕೆ ಹಾಕೋದು ಕಣಮ್ಮ, ನೀರಿಗೆ ಯಾರಾದ್ರೂ ಹಾಕ್ತಾರಾ?" ಎಂದರು. ನಾನು ಇಬ್ಬರ ಮಾತನ್ನೂ ಕೇಳಲಿಲ್ಲ. ಟೆರೇಸಿನ ಮೇಲೆ ಎರಡು ಸಲ ತೊಳೆದೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿದ್ದ ಕಾಲ, ಮೂರನೇ ಸಲಕ್ಕೆ ಆಂಟಿಯ ಮುಖ ನೋಡುವ ಧೈರ್ಯವಾಗಲಿಲ್ಲ. ತಂದಿಟ್ಟಿದ್ದ ತೊಟ್ಟಿಯ ತಳಕ್ಕೆ ಹರಡಿ, ಪುಡಿ ಏಳದಿರಲೆಂದು ತಟ್ಟೆ ಇಟ್ಟು ಅದರ ಮೇಲೆ ಮೆಲ್ಲಗೆ ಉಪ್ಪು ನೀರು ಸುರಿದೆ. ನೋಡುನೋಡುತ್ತಿದ್ದಂತೆ ತೊಟ್ಟಿಯ ತುಂಬ ಮಜ್ಜಿಗೆಯಾಯಿತು.

ನಾಳೆ ತಿಳಿಯಾಗುತ್ತದೆ ಎಂದೆ. ಪಂಪು ನಿಲ್ಲಿಸಿದೆ, ಹಾಕಿದೆ, ಬಟ್ಟೆಯಲ್ಲಿ ಸೋಸಿದೆ. ಅಪ್ಪ ಬೆಳಿಗ್ಗೆ ಚಹಾ ಕುಡಿದವನೇ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ತೊಟ್ಟಿಯೆದುರು ಕೂರುತ್ತಿದ್ದ. ನಾನು ಆಫೀಸಿಗೆ ಹೊರಡುವಾಗ "ತಿಳಿ ಆಯ್ತಾ?" ಎಂದು ಕೇಳುತ್ತಿದ್ದ. ನಾಳೆ ಅಪ್ಪ, ಎನ್ನುತ್ತಿದ್ದೆ. ಎದುರಿಗೇ ಕೂತವನು ನನ್ನನ್ನೇಕೆ ಕೇಳುತ್ತಾನೆ ಎಂಬುದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ. ಹೀಗೆ ಹನ್ನೆರಡು ದಿನ ಹೋದವು. ಆ ಹನ್ನೆರಡು ದಿನಗಳನ್ನು ಯಾರಾದರೂ ನನಗೆ ವಾಪಸು ಕೊಟ್ಟಿದ್ದರೆ ಎಂದು ಈಗಲೂ ಆಸೆಪಡುತ್ತೇನೆ.

ಹದಿಮೂರನೇ ದಿನ ಸೋತು ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಏನು ಎತ್ತ ಎಂದು ಒಂದು ಮಾತೂ ಕೇಳದೆ ಅವರು ಮೂಟೆ ಕಟ್ಟಿಸಿ ಬಸ್ಸಿಗೆ ಹಾಕಿಸಿದರು. ಮೆಜೆಸ್ಟಿಕ್ಕಿನಲ್ಲಿ ಬಾಳೆಗೊನೆಗಳ ಅಡಿಯಿಂದ ಅದನ್ನು ಎಳೆದುಕೊಂಡೆ. ಗೋಣಿಯ ಬಾಯಿ ಬಿಚ್ಚಿದಾಗ ಬಂದ ವಾಸನೆಗೆ ಅಲ್ಲೇ ಅತ್ತುಬಿಟ್ಟೆ. ಕಾಳಿನಷ್ಟು ಸಣ್ಣ ಶಂಖ, ಮುರಿದ ಚಿಪ್ಪು, ಒಣಗಿದ ಪಾಚಿಯ ಎಳೆ, ಎಲ್ಲ ಇದ್ದವು. ಈ ಸಲ ಆಂಟಿಯೇ ಸೆರಗು ಸಿಕ್ಕಿಸಿಕೊಂಡು ಟೆರೇಸಿಗೆ ಬಂದರು. ನೀರು ಕನ್ನಡಿಯಾಗುವವರೆಗೂ ಇಬ್ಬರೂ ತೊಳೆದೆವು, ಬಿಸಿಲಿಗೆ ಹರವಿದೆವು, ರಂಗೋಲಿಯನ್ನೆಲ್ಲ ಚೆಲ್ಲಿ ತೊಟ್ಟಿಗೆ ಅದನ್ನು ತುಂಬಿ ಹೊಸ ಉಪ್ಪು ನೀರು ಹಾಕಿದೆವು. ಹೊಸ ನೀರು ಹದಕ್ಕೆ ಬರಬೇಕು, ಮೀನು ಬಿಡಲು ಇನ್ನೂ ಮೂರು ವಾರ ಕಾಯಲೇಬೇಕು ಎಂದರು ಅಂಗಡಿಯವರು. ಊರಿನ ಮರಳು ಮೀನಿನ ಜೊತೆಗೇ ಅಪ್ಪನ ಕಣ್ಣಿಗೆ ಬೀಳಲಿ ಎಂದು ನಾನು ಊರಿನ ಸುದ್ದಿ ಎತ್ತಲಿಲ್ಲ. ಅಂಗಡಿಯದೇ ಮರಳು, ಹೋದರೆ ಹೋಗಲಿ ದುಡ್ಡು ಎಂದು ಅಪ್ಪನಿಗೆ ಸುಳ್ಳು ಹೇಳಿದೆ. ದುಬಾರಿ ಮಾಲಿಗೆ ಪರೀಕ್ಷೆ ಏಕೆಂದು ಅವನೂ ಸಾಸರು ಕೇಳಲಿಲ್ಲ.

ಮೀನು ತಂದ ಶನಿವಾರ ಮಧ್ಯಾಹ್ನ ತೊಟ್ಟಿಯ ನೀರು ತಳ ಕಾಣುವಷ್ಟು ತಿಳಿಯಾಗಿತ್ತು. ಅಪ್ಪ ಕುರ್ಚಿಯಲ್ಲೇ ಇದ್ದ. ನಾನು ಬಂದು ತೊಟ್ಟಿಯ ಲೈಟಿನ ಸ್ವಿಚ್ ಒತ್ತಿದ ಸದ್ದು ಕೇಳಿ ಅವನ ಮುಖ ಅರಳಿತು.

"ಬಿಟ್ಯಾ? ಆಹಾ, ಎಷ್ಟು ಚೆಂದ ಓಡಾಡ್ತಾವೆ ನೋಡು ತಂಗಿ. ನಿನ್ನ ಕಷ್ಟ ಸಾರ್ಥಕ ಆಯ್ತು."

ಕಿತ್ತಳೆ ಬಣ್ಣದ ಎರಡೂ ಮೀನುಗಳು ಇನ್ನೂ ನನ್ನ ಕೈಯ ಪ್ಲಾಸ್ಟಿಕ್ ಚೀಲದಲ್ಲೇ ಇದ್ದವು. ರಬ್ಬರ್ ಬ್ಯಾಂಡ್ ಕೂಡ ಬಿಚ್ಚಿರಲಿಲ್ಲ.

ಎಷ್ಟು ದಿನದಿಂದ ಕಾಣುತ್ತಿಲ್ಲ ಎಂದು ನಾನು ಕೇಳಲಿಲ್ಲ. "ಹೌದಪ್ಪ, ಚೆಂದ ಇವೆ" ಎಂದೆ. ಚೀಲವನ್ನು ಸದ್ದಾಗದಂತೆ ನೀರಿಗಿಳಿಸಿ ಬಾಯಿ ಬಿಚ್ಚಿದೆ. ಮೀನುಗಳು ಹೊರಬಿದ್ದು ಕಲ್ಲಿನ ಹಿಂದೆ ಸರಿದವು. ಆಮೇಲೆ ಅಪ್ಪನನ್ನು ಎಬ್ಬಿಸಿ ನಿಲ್ಲಿಸಿ, ಅಂಗಿಯ ತೋಳು ಮಡಚಿ, ಅವನ ಕೈಯನ್ನು ಹಿಡಿದು ತೊಟ್ಟಿಯ ತಳದವರೆಗೆ ಇಳಿಸಿದೆ.

ಬೆರಳುಗಳು ಮರಳನ್ನು ಮುಟ್ಟಿದವು, ಕೆದಕಿದವು, ತಟ್ಟನೆ ನಿಂತವು. ಅಪ್ಪ ಒಂದು ಮುಷ್ಟಿ ಹಿಡಿದ. ಏನಾದರೂ ಮಾತಾಡಬೇಕಲ್ಲ ಎಂದು ನಾನು, "ನಿಂಬೆಹಣ್ಣು ತರ್ಲಾ ಅಪ್ಪ?" ಎಂದೆ.

"ಬೇಡ ತಂಗಿ" ಎಂದ. "ಇದಕ್ಕೆ ಹಿಂಡಬೇಡ."

ಮೊಣಕೈವರೆಗೆ ಉಪ್ಪು ನೀರಲ್ಲಿ ಮುಳುಗಿದ್ದ ಆ ಕೈಯನ್ನು ಅವನು ಬಹಳ ಹೊತ್ತು ಹೊರಗೆ ತೆಗೆಯಲಿಲ್ಲ.