ಫಸ್ಟ್‌ಕ್ಲಾಸ್ ಭಾವನ ಕಾಲು

ನಮ್ಮ ಭಾವನನ್ನು ಬೀದಿಯವರೆಲ್ಲ ಫಸ್ಟ್‌ಕ್ಲಾಸ್ ಎಂದೇ ಕರೆಯುತ್ತಾರೆ. ಓದಿನಲ್ಲಿ ಬಂದ ದರ್ಜೆಯಲ್ಲ ಅದು. ಓದಿನ ವಿಷಯ ಎತ್ತಿದರೆ ಅವರು ಅಲ್ಲಿಂದ ಜಾಗ ಖಾಲಿ ಮಾಡುತ್ತಾರೆ. ಹೇಗಿದ್ದೀರಿ ಎಂದು ಯಾರು ಕೇಳಿದರೂ ಬೆನ್ನು ನೆಟ್ಟಗೆ ಮಾಡಿ "ಫಸ್ಟ್‌ಕ್ಲಾಸ್!" ಅನ್ನುವುದು ಅವರ ಅಭ್ಯಾಸ. ಜ್ವರ ಬಂದು ಮಲಗಿದ್ದಾಗ ಡಾಕ್ಟರಿಗೂ ಹೀಗೇ ಹೇಳಿ, ಡಾಕ್ಟರು ಸಂತೋಷದಿಂದ ಹೊರಟುಹೋಗಿ, ಅಕ್ಕ ಅವರನ್ನು ಗೇಟಿನಿಂದ ವಾಪಸು ಕರೆತಂದದ್ದುಂಟು.

ಸೇನೆಯಲ್ಲಿ ಭಾವ ಲಾರಿ ಓಡಿಸುತ್ತಿದ್ದರು. ನೆಲಬಾಂಬೊಂದು ಲಾರಿಯನ್ನೂ, ಅವರ ಎಡಗಾಲಿನ ಮೊಣಕಾಲಿನಿಂದ ಕೆಳಗಿನ ಭಾಗವನ್ನೂ ಒಟ್ಟಿಗೆ ಮುಗಿಸಿತು. ಸರ್ಕಾರ ಲಾರಿಗೆ ಬದಲಿ ಲಾರಿ ತಂದಿತು, ಕಾಲಿಗೆ ಬದಲಿ ಕಾಲು ಕೊಟ್ಟಿತು. ಲಾರಿ ಮೊದಲು ಬಂತು. ಕಾಲು ಬಂದ ಮೇಲೆ ಅಕ್ಕನ ಜೊತೆ ಮದುವೆಯ ಮಾತುಕತೆ. "ಕಾಲು ಹೇಗಿದೆಯಪ್ಪಾ?" ಎಂದು ನಮ್ಮಪ್ಪ ಕೇಳಿದ್ದಕ್ಕೆ ಏನು ಉತ್ತರ ಬಂತೆಂದು ಬೇರೆ ಹೇಳಬೇಕಾಗಿಲ್ಲ.

ನಾನು ಕೆಲಸ ಮಾಡುವುದು ಮಾಜಿ ಸೈನಿಕರ ಆಸ್ಪತ್ರೆಯ ಹಿಂಭಾಗದಲ್ಲಿರುವ ಕಾಲಿನ ಕಾರ್ಖಾನೆಯಲ್ಲಿ. ಕಾರ್ಖಾನೆ ಅನ್ನುವುದು ನಾವೇ ಕೊಟ್ಟುಕೊಂಡ ಗೌರವ. ಇರುವುದು ತಗಡಿನ ಚಾವಣಿಯ ಒಂದು ಉದ್ದ ಕೋಣೆ. ಗೋಡೆಯ ಹಲಗೆಗಳ ತುಂಬ ಅಳತೆಗೆಂದು ಅಚ್ಚು ತೆಗೆದ ಪ್ಲಾಸ್ಟರಿನ ಮೊಂಡುಗಾಲುಗಳು, ಪ್ಲಾಸ್ಟಿಕ್ ಹಾಳೆಯನ್ನು ಮೆತ್ತಗೆ ಮಾಡುವ ಕರೆಂಟಿನ ಒಲೆ, ಹಿಡಿದು ನಡೆಯಲು ಎರಡು ಕಬ್ಬಿಣದ ಕಂಬಿ, ಎದುರಿಗೊಂದು ಕನ್ನಡಿ. ಕಾಲು ಮಾಡುವವರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತೇವೆ. ಚರ್ಮದ ಪಟ್ಟಿ ಹೊಲಿಯುವವಳು ನಾನು. ಒಲೆ ಕೆಟ್ಟು ಬಹಳ ಕಾಲವಾಗಿತ್ತು, ಮಳೆ ಬಂದರೆ ಬಕೆಟ್ ಇಡುತ್ತಿದ್ದೆವು. ಒಲೆಯಿಲ್ಲದೆ ಹೊಸ ಕಾಲು ಆಗದು. ಹಾಗಾಗಿ ಭಾವ ಸವೆದ ಹಳೆಯ ಕಾಲಿನಲ್ಲೇ ಕಿರ್ ಕಿರ್ ಎಂದು ಓಡಾಡುತ್ತಿದ್ದರು.

ಆ ವರ್ಷ ಸರ್ಕಾರದ ಹತ್ತಿರ ಸೇನೆಗೆಂದು ಎತ್ತಿಟ್ಟ ಒಂದು ಗಂಟು ಇತ್ತು. ಸೇನಾ ನೆಲೆಯಲ್ಲಿ ಹೊಸ ಸಭಾಭವನ ಕಟ್ಟಬೇಕು ಎಂದು ಒಂದು ಕಡೆಯವರು, ಆಸ್ಪತ್ರೆಗೆ ಕೊಡಬೇಕು ಎಂದು ಇನ್ನೊಂದು ಕಡೆಯವರು ಜಗಳಕ್ಕೆ ನಿಂತರು. ರೇಡಿಯೋದಲ್ಲಿ ಇಬ್ಬರೂ "ನಮ್ಮ ವೀರ ಸೈನಿಕರಿಗಾಗಿ" ಎಂದೇ ಶುರುಮಾಡುತ್ತಿದ್ದುದರಿಂದ ಯಾರು ಯಾವ ಕಡೆ ಎಂದು ತಿಳಿಯಲು ಕೊನೆಯವರೆಗೂ ಕೇಳಬೇಕಾಗುತ್ತಿತ್ತು. ಭಾವ ಇಬ್ಬರಿಗೂ ತಲೆದೂಗುತ್ತಿದ್ದರು. "ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂತಾರಲ್ಲ, ಅದೇ ಕಥೆ ಇದು" ಎಂದು ನಾನು ಗೊಣಗಿದರೆ, "ಅಂಬಿಗ ಚೆನ್ನಾಗೇ ಇದಾನೆ ಬಿಡೇ" ಅಂದರು.

ಕೊನೆಗೆ ಒಂದು ಸಮಿತಿ ಬಂದು ನಮ್ಮ ಕಾರ್ಖಾನೆಯನ್ನು ಕಣ್ಣಾರೆ ನೋಡಿ ತೀರ್ಮಾನಿಸುವುದು ಎಂದಾಯಿತು. ದುಡ್ಡು ಸಿಗದಿದ್ದರೆ ಕಾರ್ಖಾನೆಗೆ ಬೀಗ. ಆಮೇಲೆ ಕಾಲು ಬೇಕಾದವರು ಹಗಲೂ ರಾತ್ರಿ ರೈಲಿನಲ್ಲಿ ಕೂತು ದೂರದ ದೊಡ್ಡಾಸ್ಪತ್ರೆಗೆ ಹೋಗಿ ವರ್ಷಗಟ್ಟಲೆ ಕಾಯಬೇಕು. ಭಾವನ ಕಾಲಿಗೆ ಅಷ್ಟು ಆಯುಸ್ಸು ಉಳಿದಿರಲಿಲ್ಲ.

"ಇದ್ದದ್ದನ್ನ ಇದ್ದ ಹಾಗೇ ತೋರಿಸೋಣ," ಎಂದು ಮೇಷ್ಟ್ರು ಎಲ್ಲರನ್ನೂ ಕೂರಿಸಿ ಹೇಳಿದರು. "ಯಾರೂ ಏನನ್ನೂ ಮುಟ್ಟಬೇಡಿ."

ಹೇಳಿದ್ದು ಮಾಜಿ ಸೈನಿಕರಿಗೆ. ಮೇಲಿನವರು ನೋಡಲು ಬರುತ್ತಾರೆಂದರೆ ಏನು ಮಾಡಬೇಕೆಂದು ಅವರಿಗೆ ಹದಿನೆಂಟನೇ ವಯಸ್ಸಿನಲ್ಲೇ ಕಲಿಸಿಬಿಟ್ಟಿರುತ್ತಾರೆ. ಸಮಿತಿ ಬರುವ ಹಿಂದಿನ ದಿನ ನಾನು ಕೆಲಸಕ್ಕೆ ಹೋದರೆ ಭಾವನ ದಂಡು ಆಗಲೇ ಇಳಿದಿತ್ತು. ಒಂದು ಕೈಯಿಲ್ಲದವನು ಏಣಿ ಹಿಡಿದಿದ್ದ, ಒಂದು ಕಾಲಿಲ್ಲದವನು ಚಾವಣಿ ಹತ್ತಿ ತೂತುಗಳಿಗೆ ಟಾರು ಮೆತ್ತುತ್ತಿದ್ದ. ಗೋಡೆಗೆ ಸುಣ್ಣ ಬಿದ್ದಿತ್ತು. ಕೆಟ್ಟ ಒಲೆಯನ್ನು ಹೇಗೆ ಉಜ್ಜಿದ್ದರೆಂದರೆ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ದಾರಿಯ ಪಕ್ಕದ ಕಲ್ಲುಗಳಿಗೆ ಭಾವ ಬಿಳಿ ಬಣ್ಣ ಬಳಿಯುತ್ತಿದ್ದರು. ನನಗೆ ಪಿತ್ತ ನೆತ್ತಿಗೇರಿತು.

"ಭಾವ, ತಲೆಗಿಲೆ ಕೆಟ್ಟಿದೆಯಾ ನಿಮಗೆ? ಹರಿದಿರೋದನ್ನ ತೋರಿಸಿದ್ರೆ ತಾನೇ ಹೊಲಿಯೋಕೆ ದಾರ ಕೊಡೋದು?"

"ಬರೋರು ಬಂದಾಗ ಗಲೀಜಾಗಿರೋಕೆ ಆಗುತ್ತೇನೇ?" ಅಂದರು ಭಾವ, ಕುಂಚ ಕೆಳಗಿಡದೆ.

ಮೇಷ್ಟ್ರು ಕುರ್ಚಿಯಲ್ಲಿ ಕುಸಿದು ತಲೆ ಚಚ್ಚಿಕೊಂಡರು. ಕುರ್ಚಿಗೂ ಬಣ್ಣ ಬಳಿದಿದ್ದಾರೆಂದು ಅವರು ಏಳುವಾಗ ಗೊತ್ತಾಯಿತು.

ಮರುದಿನ ಸಮಿತಿ ಬಂತು. ಅದರ ಅಧ್ಯಕ್ಷೆ ದಪ್ಪ ಕನ್ನಡಕದ ಹೆಂಗಸು, ಒಳ್ಳೆಯವರೇ. ಒಲೆಯನ್ನು ನೋಡಿ "ಹೊಸದಾ?" ಎಂದರು. ಕೆಟ್ಟಿದೆ ಎಂದು ಮೇಷ್ಟ್ರು ಹೇಳಿದ್ದನ್ನು ನಂಬಲು ಆ ಒಲೆಯೇ ಬಿಡಲಿಲ್ಲ. ಕಂಬಿಗಳ ಪಕ್ಕದಲ್ಲಿ ಮಾಜಿ ಸೈನಿಕರು ಸಾಲಾಗಿ ನಿಂತಿದ್ದರು. ಅಧ್ಯಕ್ಷೆ ಮೊದಲು ಭಾವನ ಮುಂದೆ ನಿಂತರು.

"ನಿಮಗೇನಾದ್ರೂ ತೊಂದರೆ ಇದೆಯಾ? ಸಂಕೋಚ ಬೇಡ, ಹೇಳಿ."

ಭಾವ ಹಿಮ್ಮಡಿ ಜೋಡಿಸಿದರು. ಒಂದು ಟಪ್ ಅಂದಿತು, ಇನ್ನೊಂದು ಕಿರ್ ಅಂದಿತು. "ಏನೂ ಇಲ್ಲ ಮೇಡಂ! ಫಸ್ಟ್‌ಕ್ಲಾಸ್!"

ಸಾಲಿಗೆ ಸಾಲೇ ಅದನ್ನೇ ಹೇಳಿತು. ಕೊನೆಯವನು ಆ ದಿನದ ಮಟ್ಟಿಗೆ ಇನ್ನೊಬ್ಬನ ಕಾಲು ಕಡ ತಂದು ಹಾಕಿಕೊಂಡಿದ್ದ. ಅವನ ದನಿಯೇ ಎಲ್ಲರಿಗಿಂತ ಜೋರು.

ಇಷ್ಟು ಚೆನ್ನಾಗಿರುವ ಕಡೆ ಇನ್ನೂ ದುಡ್ಡು ಸುರಿಯುವುದು ಯಾಕೆ ಎಂದು ಅಧ್ಯಕ್ಷೆ ಪಕ್ಕದವರಿಗೆ ಹೇಳುತ್ತ ಬಾಗಿಲ ಕಡೆ ತಿರುಗಿದರು. ಬಾಗಿಲಲ್ಲಿ ಊಟದ ಡಬ್ಬಿ ಹಿಡಿದುಕೊಂಡು ಅಕ್ಕ ನಿಂತಿದ್ದಳು. ನಮ್ಮಕ್ಕ ನಾಲ್ಕು ಜನರ ಮುಂದೆ ಬಾಯಿ ಬಿಟ್ಟವಳಲ್ಲ. ಡಬ್ಬಿಯನ್ನು ನನ್ನ ಕೈಗೆ ತುರುಕಿ, ಅಧ್ಯಕ್ಷೆಯನ್ನು ದಾಟಿ ನೇರವಾಗಿ ಗಂಡನ ಹತ್ತಿರ ಹೋದಳು.

"ರೀ, ಕೂತ್ಕೊಳ್ಳಿ."

ಭಾವ ಕೂತರು.

"ಕಾಲು ತೆಗೀರಿ."

"ಇಲ್ಲೇನೇ? ಎಲ್ಲಾ ಇದಾರೆ..."

"ತೆಗೀರಿ ಅಂದೆ."

ಭಾವ ಆಜ್ಞೆ ಮೀರಿದವರಲ್ಲ. ನಾನು ಹೊಲಿದ ಪಟ್ಟಿ ಬಿಚ್ಚಿ ಕಾಲು ಕಳಚಿದರು. ಮೊಂಡುಗಾಲಿಗೆ ತೊಡಿಸಿದ್ದ ಬಟ್ಟೆಯ ಚೀಲ ರಕ್ತಕ್ಕೆ ಅಂಟಿಕೊಂಡು ಸಲೀಸಾಗಿ ಬರಲಿಲ್ಲ. ಆ ಚೀಲವನ್ನು ಅವರು ಒಂದು ದಿನವೂ ಅಕ್ಕನ ಕೈಗೆ ಕೊಡದೆ ತಾವೇ ಒಗೆದುಕೊಳ್ಳುತ್ತಿದ್ದರು. ಹೆಂಡತಿಗೆ ಕಷ್ಟ ಕೊಡದ ಗಂಡ ಎಂದು ನಾವು ಹೊಗಳುತ್ತಿದ್ದೆವು. ಆ ಗಾಯವನ್ನು ಅಕ್ಕನೂ ನಮ್ಮ ಜೊತೆಯಲ್ಲೇ ಮೊದಲ ಸಲ ನೋಡಿದಳು. ಕಾಲಿದ್ದರೆ ಗಂಡ ಎದ್ದು ನಿಲ್ಲುತ್ತಾರೆ, ನಿಂತರೆ ಸುಳ್ಳು ಹೇಳುತ್ತಾರೆ ಎಂಬಷ್ಟು ಮಾತ್ರ ಅವಳಿಗೆ ಮೊದಲೇ ಗೊತ್ತಿದ್ದದ್ದು.

"ಈಗ ಕೇಳಿ ಮೇಡಂ," ಅಂದಳು.

ಅಧ್ಯಕ್ಷೆ ಇನ್ನೊಮ್ಮೆ ಕೇಳಿದರು. ಭಾವ ಏಳಲು ಕಂಬಿಗೆ ಕೈಹಾಕಿದರು, ಅಕ್ಕ ಆ ಕೈ ಬಿಡಿಸಿದಳು. ಭಾವ ನೆಲ ನೋಡುತ್ತ, "ನೋವಾಗುತ್ತೆ ಮೇಡಂ," ಅಂದರು.

ನನಗೆ ಅಳು ತಡೆಯಲಾಗಲಿಲ್ಲ. ಡಬ್ಬಿ ಹಿಡಿದುಕೊಂಡೇ ಅತ್ತುಬಿಟ್ಟೆ.

ಸಾಲಿನವರು ಮುಖ ಮುಖ ನೋಡಿಕೊಂಡರು. ಮೊದಲು ಕಡದ ಕಾಲಿನವನು ಕೂತ, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಎರಡು ಕಾಲೂ ನೆಟ್ಟಗಿದ್ದವರೂ ಕೂತರು. ಕೂತ ಮೇಲೆ ತೆರೆದ ಬಾಯಿಗಳು ಸಂಜೆಯವರೆಗೂ ಮುಚ್ಚಲಿಲ್ಲ. ಆಸ್ಪತ್ರೆಯ ಟೀ ಬಗ್ಗೆಯೇ ಬಹಳ ಹೊತ್ತು ಹಿಡಿಯಿತು.

ಕಾರ್ಖಾನೆ ಉಳಿಯಿತು, ಹೊಸ ಒಲೆ ಬಂತು. ಸಭಾಭವನಕ್ಕೂ ದುಡ್ಡು ಸಿಕ್ಕಿತು, ನಮಗಿಂತ ಜಾಸ್ತಿಯೇ. ತನಗೆ ನೋವಾಗುತ್ತದೆ ಎಂದು ಅದು ಹೇಳಬೇಕಾಗಿಯೂ ಬರಲಿಲ್ಲ.

ಹೊಸ ಕಾಲು ಸಿಕ್ಕ ವಾರ ನಾನು ಅಕ್ಕನ ಮನೆಗೆ ಹೋಗಿದ್ದೆ. ಭಾವ ಹೊರಗಿನಿಂದ ಬಂದ ಕೂಡಲೇ ಅಕ್ಕ ಅವರನ್ನು ಮಂಚದ ಮೇಲೆ ಕೂರಿಸಿ, ಕಾಲು ಬಿಚ್ಚಿಸಿ ಗೋಡೆಗೆ ಒರಗಿಸಿಟ್ಟಳು.

"ಈಗ ಹೇಳಿ. ನೋವಿದೆಯಾ?"

"ಹೊಸ ಕಾಲು ನೋಯಲ್ಲ ಕಣೇ," ಅಂದರು ಭಾವ. ಆಮೇಲೆ, "ಹೋಗಿದೆಯಲ್ಲ, ಆ ಕಾಲು ನೋಯುತ್ತೆ. ಅವತ್ತಿಂದಾನೂ" ಎಂದರು.

"ಎಲ್ಲಿ?"

ಭಾವ ಮೊಣಕಾಲಿನ ಕೆಳಗೆ ಗಾಳಿಯಲ್ಲಿ ಬೆರಳು ತೋರಿಸಿದರು. ಅಲ್ಲಿ ಏನೂ ಇಲ್ಲ ಎಂದು ಹೇಳಲು ನನ್ನ ಬಾಯಿಗೆ ಬಂದಿತ್ತು. ಅಕ್ಕ ನೆಲದ ಮೇಲೆ ಕೂತು, ಆ ಖಾಲಿ ಜಾಗಕ್ಕೆ ಎರಡೂ ಕೈ ತಂದು ಮೆಲ್ಲಗೆ ಒತ್ತತೊಡಗಿದಳು.

ಭಾವ ಕಣ್ಣು ಮುಚ್ಚಿಕೊಂಡರು.

"ಇನ್ನೊಂಚೂರು ಕೆಳಗೆ," ಅಂದರು.