ಗದ್ದಲ ತೆಗೆಯುವವರು

ಗೋಕಾಕದ ಬಸ್ ನಿಲ್ದಾಣದ ಬಳಿ ಹಳೆಯ ಕ್ಯಾಸೆಟ್‌ಗಳನ್ನು ಸಿಡಿಗೆ ಇಳಿಸಿಕೊಡುವವರೊಬ್ಬರಿದ್ದರು. ಟೇಪ್ ರೆಕಾರ್ಡರನ್ನು ಹತ್ತಿಯಿಂದ ಒರೆಸುತ್ತ, "ಗದ್ಲ ಹೋಗಬೇಕ್ರಿ, ಹಾಡಷ್ಟ ಉಳೀಬೇಕು" ಎನ್ನುತ್ತಿದ್ದರು. ತೀರಿಕೊಂಡ ಅವ್ವ ಜೋಳ ಬೀಸುವಾಗ ಹಾಡಿದ್ದ ಒಂದೇ ಒಂದು ಕ್ಯಾಸೆಟ್ಟನ್ನು ಅವರಿಗೆ ಕೊಟ್ಟೆ.

ವಾರದ ಮೇಲೆ ಕಂಪ್ಯೂಟರಿನಲ್ಲಿ ಕೇಳಿಸಿದರು. ಹಾಡು ನುಣುಪಾಗಿತ್ತು. ಬೀಸುಕಲ್ಲಿನ ಸದ್ದಿರಲಿಲ್ಲ.

"ನಡುವ ಅವ್ವ ನನ್ನ ಕರದಿದ್ಳಲ್ರಿ?"

"ಅದು ಹಾಡಲ್ಲಲ್ರಿ, ತಗದೇನಿ" ಎಂದರು ಹೆಮ್ಮೆಯಿಂದ.

"ಕ್ಯಾಸೆಟ್ ಕೊಡ್ರಿ."

"ಅದರಾಗ ಬ್ಯಾರೆ ಹಾಡ ತುಂಬಿ ಮಂದಿಗೆ ಕೊಟ್ಟೇನ್ರಿ. ಇನ್ನ ಅದರ ಗರಜ ಏನೈತ್ರಿ?"

ಅವರ ಮುಖದಲ್ಲಿ ಕಪಟವಿರಲಿಲ್ಲ. ನನ್ನ ಮೆಚ್ಚುಗೆಗೆ ಕಾಯುತ್ತಿದ್ದರು. "ಚಲೋ ಆಗೇತ್ರಿ" ಎಂದು ಸಿಡಿ ತೆಗೆದುಕೊಂಡು ಹೊರಬಿದ್ದೆ.

ಮೂಡಲಗಿಯ ಮನೆಯಲ್ಲಿ ಅಕ್ಕ ಅದನ್ನು ಅರ್ಧ ಕೇಳಿ, "ಇದನ್ನ ಯಾರು ಹಾಡ್ಯಾರ?" ಎಂದಳು.