ಗಾದಿಗನೂರಿನಲ್ಲಿ ನಿಂತ ಅಕ್ಕಿ

ನಾನು ಹುಟ್ಟಿ ಬೆಳೆದದ್ದು ಹೊಸಪೇಟೆಯಲ್ಲಿ, ಮದುವೆಯಾಗಿ ಬಂದದ್ದು ಸಂಡೂರಿಗೆ. ನನ್ನ ಗಂಡ ಅಲ್ಲಿನ ಒಂದು ಗಣಿಯ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದರು. ಅದಿರಿನ ಭರಾಟೆ ಶುರುವಾಗಿ ಊರಿಗೆ ಎಲ್ಲೆಲ್ಲಿಂದಲೋ ಜನ ಬಂದು ತುಂಬಿಕೊಂಡಾಗ, ಅವರ ಜೊತೆ ಕೆಲಸ ಮಾಡುವ ನಾಲ್ಕಾರು ಮಂದಿ ನಮ್ಮ ಮನೆಗೇ ಊಟಕ್ಕೆ ಬರತೊಡಗಿದರು. ಹೋಟೆಲಿನ ಊಟ ತಿಂದು ಹೊಟ್ಟೆ ಕೆಡಿಸಿಕೊಂಡವರು ಅವರು. ನನ್ನ ರೊಟ್ಟಿ, ಬದನೆಕಾಯಿ ಪಲ್ಯದ ಸುದ್ದಿ ಅವರ ಬಾಯಿಂದಲೇ ಗಣಿಯ ಕಾಂಟ್ರ್ಯಾಕ್ಟರ್‌ ಕಿವಿಗೆ ಬಿತ್ತು. ಒಂದು ದಿನ ಆತನೇ ಬಾಗಿಲಿಗೆ ಬಂದು, "ಇಡೀ ಶಿಫ್ಟಿಗೆ ಮಧ್ಯಾಹ್ನದ ಊಟ ಮಾಡಿ ಕೊಡ್ತೀರೇನ್ರಿ?" ಎಂದು ಕೇಳಿದ. ಹೂಂ ಅಂದುಬಿಟ್ಟೆ. ಓಣಿಯ ಹೆಂಗಸರು ರೊಟ್ಟಿ ಬಡಿಯಲು ಒಪ್ಪಿದರು. ಹಿತ್ತಿಲಲ್ಲಿ ತಗಡಿನ ಶೆಡ್ಡು ಹಾಕಿ ದೊಡ್ಡ ಒಲೆ ಹೂಡಿದೆವು.

ಅಡುಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಸಾಮಾನು ತರಿಸುವುದು. ಲಾರಿ ಇದ್ದವರೆಲ್ಲ ಅದಿರು ಹೊರಲು ಹೋಗಿದ್ದರು. ಅಕ್ಕಿ ಹೇರಿಕೊಂಡು ಬಾ ಎಂದರೆ ನಗುತ್ತಿದ್ದರು. ರಸ್ತೆಯಲ್ಲಿ ಲಾರಿಯ ಹಿಂದೆ ಲಾರಿ, ಕೆಂಪು ಧೂಳು, ಮಳೆ ಬಂದರೆ ಕೆಂಪು ಕೆಸರು. ಬುಕ್ಕಸಾಗರದಿಂದ ಬರುವ ಬಾಳೆಗೊನೆಗಳನ್ನು ತೊಳೆದರೇನೇ ಹಣ್ಣಿನ ಬಣ್ಣ ಕಾಣುತ್ತಿತ್ತು.

ಮೂವರನ್ನು ನಂಬಿ ನನ್ನ ಒಲೆ ಉರಿಯುತ್ತಿತ್ತು. ಅಕ್ಕಿ ಕಂಪ್ಲಿಯ ಒಂದು ಮಿಲ್ಲಿನಿಂದ. ಮಿಲ್ಲಿನ ಗೌಡರು ವಯಸ್ಸಾದವರು, ಹಣೆಯ ಮೇಲೆ ವಿಭೂತಿ, ಮಾತು ಬಲು ಕಮ್ಮಿ. ತರಕಾರಿ, ಬಾಳೆಹಣ್ಣು ಬುಕ್ಕಸಾಗರದಲ್ಲಿ ನಾನು ಅಕ್ಕ ಎಂದು ಕರೆಯುವ ಒಬ್ಬಾಕೆಯ ಹೊಲದಿಂದ. ಗಂಡ ಹೋದ ಮೇಲೆ ನದಿ ದಂಡೆಯ ಹೊಲವನ್ನು ಆಕೆಯೇ ನೋಡಿಕೊಳ್ಳುತ್ತಿದ್ದಳು. ಎರಡನ್ನೂ ಹೇರಿಕೊಂಡು ಬರುತ್ತಿದ್ದವನು ಗಾದಿಗನೂರಿನ ಒಬ್ಬ ಹುಡುಗ, ನನಗೆ ತಮ್ಮನಿದ್ದ ಹಾಗೆ. ಅವನ ಟೆಂಪೊ ಅದಿರಿಗೆ ಸಾಲದಷ್ಟು ಚಿಕ್ಕದು, ಅದು ನನ್ನ ಪುಣ್ಯ. ಈ ಮೂವರಿಗೂ ಒಬ್ಬರಿಗೊಬ್ಬರ ಪರಿಚಯ ಅಷ್ಟಕ್ಕಷ್ಟೆ. ಯಾರ ಹತ್ತಿರ ಎಷ್ಟು ಮಾಲಿದೆ, ಯಾರಿಗೆ ಮಾರುತ್ತಾರೆ ಎಂದು ಯಾರೂ ಕೇಳುತ್ತಿರಲಿಲ್ಲ, ಯಾರೂ ಹೇಳುತ್ತಿರಲಿಲ್ಲ. ವ್ಯಾಪಾರ ಅಂದರೆ ಹಾಗೇ ಎಂದು ನಾನೂ ತಿಳಿದಿದ್ದೆ.

ಒಂದು ಮಳೆಗಾಲದ ಬೆಳಿಗ್ಗೆ ಬೇಳೆ ಕುದಿಯಲಿಟ್ಟು ಅಕ್ಕಿಗೆ ಕಾಯುತ್ತಿದ್ದೆ. ಡಬ್ಬಿಯಲ್ಲಿ ಉಳಿದದ್ದು ಮನೆಯವರಿಗಾಗುವಷ್ಟು ಮಾತ್ರ. ಟೆಂಪೊ ತಮ್ಮನ ಫೋನು ಬಂತು. ಸಾಮಾನು ತರುವವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು, "ಬಂದೆ, ಇಲ್ಲೇ ಅದೀನಿ." ಅವನು ಹಾಗನ್ನಲಿಲ್ಲ.

"ಅಕ್ಕಾ, ಸುಳ್ಳು ಹೇಳಂಗಿಲ್ಲ. ನಮ್ಮೂರ ಮುಂದ ಲಾರಿ ಅಡ್ಡ ಬಿದ್ದೈತ್ರಿ. ಹಿಂದ, ಮುಂದ ಎಲ್ಲಾ ಜಾಮ್. ಮಧ್ಯಾಹ್ನದೊಳಗ ನಾ ಬರಂಗಿಲ್ಲ. ನೀವು ಬ್ಯಾರೆ ದಾರಿ ನೋಡ್ಕೊಳ್ರಿ."

ಡಬ್ಬಿಯ ಮುಚ್ಚಳ ತೆಗೆದು ನೋಡಿದೆ, ಇದ್ದದ್ದು ಅಷ್ಟೇ. ಆದರೂ ಹೊತ್ತಿಗೆ ಮುಂಚೆ ಹೇಳಿದನಲ್ಲ, ಅದಕ್ಕೇ ಏನಾದರೂ ಮಾಡಲು ನನಗೆ ಸಮಯ ಸಿಕ್ಕಿತು. ಮಿಲ್ಲಿಗೆ ಫೋನು ಮಾಡಿದೆ. ಗೌಡರು ಪೂರ್ತಿ ಕೇಳಿಸಿಕೊಂಡರು.

"ತಂಗಿ, ನಿನ್ನೆ ಸಂಡೂರಿಗೆ ನನ್ನ ಅಕ್ಕಿ ಒಂದು ಅಂಗಡಿಗೆ ಹೋಗೈತಿ. ಬಜಾರದಾಗ, ದೊಡ್ಡ ಬೇವಿನ ಗಿಡದ ಎದುರಿಗೆ. ಅವರಿಗೆ ನಾ ಹೇಳ್ತೀನಿ, ನೀ ಹೋಗಿ ಬೇಕಾದಷ್ಟು ತಗೋ. ಅವರಿಗೆ ನಾ ಆಮ್ಯಾಲೆ ತುಂಬಿ ಕೊಡ್ತೀನಿ."

ತನ್ನ ಗಿರಾಕಿ ಯಾರು ಎಂಬುದನ್ನು ಮಿಲ್ಲಿನವರೊಬ್ಬರು ಇನ್ನೊಬ್ಬ ಗಿರಾಕಿಗೆ ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಆ ಅಂಗಡಿಯವರು ನನಗೆ ಗುರುತಿನವರೇ ಅಲ್ಲ. ನಾನು ಹೋಗುವಷ್ಟರಲ್ಲಿ ಮೂಟೆಗಳನ್ನು ತಳ್ಳುಗಾಡಿಗೆ ಏರಿಸಿ ನಿಂತಿದ್ದರು. "ಮೊದ್ಲು ಊಟ ಆಗ್ಲಿ ಬಿಡ್ರಿ," ಎಂದಷ್ಟೇ ಹೇಳಿದರು.

ಇತ್ತ ಟೆಂಪೊದಲ್ಲಿದ್ದ ಬಾಳೆಹಣ್ಣುಗಳು ತಾಡಪಾಲಿನ ಕಾವಿಗೆ ಮೆತ್ತಗಾಗುತ್ತಿದ್ದವು. ಬುಕ್ಕಸಾಗರದ ಅಕ್ಕನಿಗೆ ಟೆಂಪೊ ತಮ್ಮ ಫೋನು ಮಾಡಿ ಏನು ಮಾಡಲಿ ಎಂದು ಕೇಳಿದ್ದಾನೆ. ಆಕೆ, "ನಿಂತ ಲಾರಿ ಡ್ರೈವರ್‌ಗೋಳು ಹಸಕೊಂಡಿರ್ತಾರಪಾ. ಕೊಟ್ಟುಬಿಡು, ಕೆಡಿಸಿ ಏನ್ ಮಾಡ್ತಿ," ಎಂದಳಂತೆ. ಜಾಮಿನಲ್ಲಿ ಸಿಕ್ಕವರೆಲ್ಲ ಅವತ್ತು ಆಕೆಯ ಹೊಲದ ಹಣ್ಣು ತಿಂದರು. ನನ್ನ ಊಟದವರು ಅನ್ನ, ಬೇಳೆ ಸಾರು, ಕರಿದ ಹಪ್ಪಳ ಉಂಡರು. "ಹಣ್ಣು ಎಲ್ರಿ ಅಕ್ಕಾ?" ಎಂದು ಕೇಳಿದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಾರೂ ಗೊಣಗಲಿಲ್ಲ. ಒಬ್ಬನಂತೂ, "ಚಲೋ ಆತು ಬಿಡ್ರಿ, ನಮ್ಮಣ್ಣನೂ ಲಾರಿ ಹೊಡೀತಾನ," ಎಂದ.

ಮುಂದಿನ ರಜೆಯ ದಿನ ಗೌಡರು ನಮ್ಮನ್ನೆಲ್ಲ ಕಂಪ್ಲಿಗೆ ಕರೆಸಿದರು. ಮಿಲ್ಲಿನ ಮುಂದೆ ಭತ್ತ ಹರವಿದ ಕಣದ ಪಕ್ಕ ಜಮಖಾನೆ ಹಾಸಿತ್ತು. ಕುಂದ್ರಿ ಎಂದವರೇ ಕೂರಗೊಡದೆ ನಮ್ಮನ್ನು ಗೋಡೌನಿಗೆ ಕರೆದುಕೊಂಡು ಹೋಗಿ ಬಾಗಿಲು ತೆರೆದರು.

"ನೋಡ್ರಿ, ನನ್ನತ್ರ ಇರೋದು ಇಷ್ಟ. ಇದರಾಗ ಇಷ್ಟು ಬ್ಯಾರೆಯವರಿಗೆ ಮಾತು ಕೊಟ್ಟೀನಿ. ಇನ್ಮ್ಯಾಲೆ ನನ್ನತ್ರ ಏನೈತಿ, ಏನಿಲ್ಲ ಅನ್ನೋದು ನಿಮಗೂ ಗೊತ್ತಿರ್ಲಿ. ನಿಮ್ದೂ ನನಗ ಗೊತ್ತಿರ್ಲಿ."

ಬುಕ್ಕಸಾಗರದ ಅಕ್ಕ ಸೆರಗು ಸರಿಮಾಡಿಕೊಂಡು, ಯಾವ ವಾರ ತನ್ನಲ್ಲಿ ಟೊಮೆಟೊ ಮುಗಿಯುತ್ತದೆ, ಯಾವಾಗ ಬಾಳೆ ಕಮ್ಮಿಯಾಗುತ್ತದೆ ಎಂದು ಹೇಳತೊಡಗಿದಳು. ನಾನು ಯಾವ ದಿನ ಊಟಕ್ಕೆ ಎಷ್ಟು ಜನ ಎಂಬುದನ್ನು ಹೇಳಿದೆ. ಗಾದಿಗನೂರಿನ ತಮ್ಮನ ಮನೆಯಲ್ಲಿ ಖಾಲಿ ಇದ್ದ ಒಂದು ಕೋಣೆಯಲ್ಲಿ ಸ್ವಲ್ಪ ಅಕ್ಕಿ, ಕುಂಬಳಕಾಯಿ, ಈರುಳ್ಳಿ ಯಾವಾಗಲೂ ಇರಲಿ ಎಂದಾಯಿತು. ಹೊಸಪೇಟೆ ಕಡೆ ದಾರಿ ಕಟ್ಟಿದರೂ ಅಲ್ಲಿಂದ ಮುಂದಕ್ಕೆ ಸಾಗಿಸಬಹುದಲ್ಲ. ಅವನ ತಾಯಿ ಆ ಕೋಣೆಯನ್ನು ದೇವರ ಕೋಣೆಯಷ್ಟೇ ಚೊಕ್ಕಟವಾಗಿ ಇಟ್ಟುಕೊಂಡರು. ದಿನಾ ಸಂಜೆ ಒಂದು ಫೋನು, ನಾಳೆ ಆಗುವುದು ಏನು, ಆಗದ್ದು ಏನು. ಅಷ್ಟೇ ನಮ್ಮ ಕರಾರು. ಆಗದ್ದನ್ನು ಹೇಳಿದವರನ್ನು ಯಾರೂ ಬೈಯುವಂತಿಲ್ಲ ಎಂದು ಅಕ್ಕ ಸೇರಿಸಿದಳು. ಆ ಮೇಲೆ ಗೌಡರ ಮನೆಯಲ್ಲಿ ಹೋಳಿಗೆ ಊಟ.

ದಿನಾ ಸಂಜೆಯ ಆ ಫೋನಿನಿಂದ ನಮ್ಮ ಎಷ್ಟೋ ದಿನಗಳು ನೆಟ್ಟಗೆ ನಡೆದವು. ಅದರ ನಿಜವಾದ ಬೆಲೆ ತಿಳಿದದ್ದು ಅದಿರಿನ ರೇಟು ಬಿದ್ದಾಗ. ಗಣಿಯ ಸೂಪರ್‌ವೈಸರ್ ಬಂದು, ಮುಂದಿನ ತಿಂಗಳು ಅರ್ಧ ಜನ ಇರುವುದಿಲ್ಲ, ಅದರಾಚೆಗಿನದು ಗೊತ್ತಿಲ್ಲ ಎಂದರು. ನನ್ನ ಗಂಡ, "ಈಗ್ಲೇ ಹೇಳಿದ್ರ ಅವರು ಕೈಬಿಟ್ಟು ಹೋದ್ರ?" ಎಂದು ಹೆದರಿದರು. ಅವರ ಹೆದರಿಕೆ ತಪ್ಪೇನಲ್ಲ. ಆದರೂ ಅವತ್ತು ಸಂಜೆಯೇ ಮೂವರಿಗೂ ಹೇಳಿದೆ.

"ಮೊದ್ಲ ಹೇಳಿದ್ದು ಭಾಳ ಚಲೋ ಆತು," ಎಂದರು ಗೌಡರು.

ಅಕ್ಕ ಹೊಸ ತರಕಾರಿ ಮಡಿ ಮಾಡುವುದನ್ನು ನಿಲ್ಲಿಸಿ ಬಾಳೆಯನ್ನೇ ಹೆಚ್ಚಿಸಿದಳು. ಹಂಪಿಯಲ್ಲಿ ಪ್ರವಾಸಿಗರಿಗೆ ಊಟ ಹಾಕುವ ಮನೆಗಳನ್ನು ತಾನೇ ಹೋಗಿ ಮಾತಾಡಿಸಿ ಬಂದಳು. ಟೆಂಪೊ ಆ ದಾರಿಗೆ ತಿರುಗಿತು. ಗೌಡರ ಅಕ್ಕಿಯೂ ಅದರಲ್ಲೇ ಹೋಗತೊಡಗಿತು. ಕೊನೆಗೆ ಉಣ್ಣುವವರೇ ಇಲ್ಲದೆ ಸಂಡೂರಿನ ನನ್ನ ಒಲೆ ಆರಿದಾಗ ಇವರಲ್ಲಿ ಯಾರ ಮಾಲೂ ಕೊಳೆಯಲಿಲ್ಲ. ನಾನೊಬ್ಬಳು ಏನು ಮಾಡುವುದೆಂದು ತಿಳಿಯದೆ ಕೂತಿದ್ದೆ.

ಒಂದು ಮಧ್ಯಾಹ್ನ ಅಕ್ಕನ ಫೋನು. "ಹೊಸಪೇಟ್ಯಾಗ ಬಸ್‌ಸ್ಟ್ಯಾಂಡ್ ಹತ್ರ ಒಂದು ಜಾಗ ಖಾಲಿ ಆಗೈತಿ. ನಾವು ಮೂರೂ ಮಂದಿ ನೋಡಿ ಬಂದ್ವಿ. ನೀ ಖಾನಾವಳಿ ತೆಗಿಯಾಕ ಸರಿ ಆಕ್ಕೈತಿ. ಬಂದು ನೋಡವ್ವ."

ನನಗೆ ತಿಳಿಸದೆ ನನ್ನ ಸಲುವಾಗಿ ಜಾಗ ಹುಡುಕಿದ್ದರು. ಅಳು ಬಂತು. ಆಕೆ, "ಅಳೋದಾದ್ರ ಜಲ್ದಿ ಅತ್ತು ಮುಗಸು, ಜಾಗದವರು ಕಾಯ್ತಾರ," ಎಂದಳು.

ಖಾನಾವಳಿ ಶುರುವಾದ ದಿನ ಗೌಡರು ಕಂಪ್ಲಿಯಿಂದ ಬಸ್ಸಿನಲ್ಲೇ ಬಂದು ಮೊದಲ ಪಂಕ್ತಿಯಲ್ಲಿ ಕೂತರು. ಅಕ್ಕ ಒಳಗೆ ಬಂದವಳೇ ಈಳಿಗೆ ಮಣೆ ಎಳೆದುಕೊಂಡು ಬದನೆಕಾಯಿ ಹೆಚ್ಚಲು ಕೂತಳು. ನಾನು ಬಡಿಸುತ್ತಾ ಹೋದೆ. ಗೌಡರು ಎರಡನೇ ಸಲ ಅನ್ನ ಹಾಕಿಸಿಕೊಂಡು, ಉಪ್ಪು ಒಂಚೂರು ಮುಂದಾಗಿದೆ ಎಂದು ಮೆಲ್ಲಗೆ ನನಗಷ್ಟೇ ಕೇಳುವಂತೆ ಹೇಳಿದರು.